ಸ್ಟೆಪ್ನಿ ಹೊತ್ತ ಬಾಗಿಲು, ಜಾಕಿಯ ಹಿಡಿ

ಕ್ಯಾಂಪರ್ ಟ್ರೇಲರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಂಜಿನ್ನಿನ ಟಾರ್ಕ್ ಎಷ್ಟು, ಗಾಡಿ ಎಷ್ಟು ತೂಕ ಎಳೆದೀತು ಎಂದು. ಟ್ರೇಲರ್ ಕಟ್ಟಿದ ಮೇಲೆ ಜೀಪಿನ ಹಿಂಬಾಗಿಲು ತೆರೆಯುತ್ತದೆಯೇ ಎಂದು ಕೇಳುವವರು ಕಡಿಮೆ. ಬೆಂಗಳೂರಿನ ಜೋಗುಪಾಳ್ಯದಿಂದ ಹೊರಟು, ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್.ಪುರ ದಾಟಿ, ಹೊಸಕೋಟೆಯಾಚೆ ತಿಂಡಿಗೆಂದು ನಿಲ್ಲಿಸಿದಾಗ ಆ ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಲೆ, ನೀರಿನ ಕ್ಯಾನು, ಫ್ರಿಜ್ಜು ಎಲ್ಲ ಡಿಕ್ಕಿಯಲ್ಲಿವೆ. ಬಾಗಿಲು ಅರ್ಧಕ್ಕೇ ಠಣ್ಣೆಂದು ನಿಲ್ಲುತ್ತದೆ. ತಡೆದಿರುವುದು ಟ್ರೇಲರಿನ ಮೂಕಿಯ ಮೇಲೆ ನಿಂತಿರುವ ಜಾಕಿ ಚಕ್ರದ, ಅಂದರೆ ಬಿಚ್ಚಿ ನಿಲ್ಲಿಸಿದ ಟ್ರೇಲರಿನ ಮೂಕಿಯನ್ನು ಎತ್ತಿ ಹಿಡಿಯುವ ಪುಟ್ಟ ಚಕ್ರದ, ಹಿಡಿ.

ಈ ತೊಂದರೆ ನಮ್ಮಲ್ಲಿ ಎದ್ದು ಕಾಣಲು ಕಾರಣವಿದೆ. ಇಲ್ಲಿಯ ಫೋರ್-ವೀಲ್ ಡ್ರೈವ್‌ಗಳಲ್ಲಿ ಹೆಚ್ಚಿನವಕ್ಕೆ ಪಕ್ಕಕ್ಕೆ ತೆರೆಯುವ ಹಿಂಬಾಗಿಲು, ಅದರ ಬೆನ್ನಿಗೆ ಸ್ಟೆಪ್ನಿ. 1998ರ ಟಾಟಾ ಸಫಾರಿ ಹಾಗಿತ್ತು. 2020ರ ಥಾರ್, 2023ರ ಐದು ಬಾಗಿಲ ಜಿಮ್ನಿ, 2024ರ ಥಾರ್ ರಾಕ್ಸ್, ಫೋರ್ಸ್ ಗೂರ್ಖಾ ಎಲ್ಲವೂ ಹಾಗೆಯೇ. ಸ್ಕಾರ್ಪಿಯೋ-ಎನ್‌ನ ಸ್ಟೆಪ್ನಿ ಗಾಡಿಯ ಅಡಿಗೆ ಹೋಗಿದೆಯಾದರೂ ಬಾಗಿಲು ಪಕ್ಕಕ್ಕೇ ತೆರೆಯುತ್ತದೆ. ಫಾರ್ಚುನರ್‌ನದು ಮೇಲಕ್ಕೇಳುವ ಬಾಗಿಲಾದ್ದರಿಂದ ಮೂಕಿಯ ಗೊಡವೆಯೇ ಅದಕ್ಕಿಲ್ಲ. ಹೈಲಕ್ಸ್, ವಿ-ಕ್ರಾಸ್‌ಗಳ ಹಲಗೆ ಕೆಳಕ್ಕೆ ಬೀಳುವುದರಿಂದ ಅದು ನೇರವಾಗಿ ಹಿಡಿಯ ಮೇಲೆಯೇ ಬಂದು ಕೂರುವ ಸಂಭವವಿದೆ.

ಯುದ್ಧಕಾಲದ ವಿಲ್ಲೀಸ್ ಜೀಪಿಗೆ ಈ ಪ್ರಶ್ನೆ ಇರಲಿಲ್ಲ. ಹಿಂದುಗಡೆ ಬಾಗಿಲೇ ಇಲ್ಲದ ಗಟ್ಟಿ ತಗಡು. ಸ್ಟೆಪ್ನಿಯೂ ಜೆರ್ರಿಕ್ಯಾನೂ ಅದಕ್ಕೇ ಅಂಟಿಕೊಂಡಿದ್ದವು. ಕಾಲು ಟನ್ನಿನ ಪುಟ್ಟ ಟ್ರೇಲರನ್ನು ಕೊಕ್ಕೆಗೆ ಸಿಕ್ಕಿಸಿ ಹೊರಟರೆ ಮುಗಿಯಿತು, ಸಾಮಾನನ್ನು ಪಕ್ಕದಿಂದಲೇ ಎತ್ತಿ ಹಾಕಬೇಕಿತ್ತು. 1945ರಲ್ಲಿ ನಾಗರಿಕರಿಗೆಂದು ಸಿಜೆ-2ಎ ಬಂದಾಗ ಹಿಂದೆ ಬೀಳುಹಲಗೆ ಮೂಡಿತು, ಸ್ಟೆಪ್ನಿ ಪಕ್ಕಕ್ಕೆ ಸರಿಯಿತು. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ನೆಲೆಯ ಆಸುಪಾಸಿನಲ್ಲಿ ಬೆಳೆದವರಿಗೆ ಜೀಪೂ ಟ್ರೇಲರೂ ಹೊಸ ನೋಟವೇನಲ್ಲ. ಆ ಜೀಪಿನ ಡಿಕ್ಕಿಯಲ್ಲಿ ಫ್ರಿಜ್ಜು ಇರಲಿಲ್ಲ, ಅಷ್ಟೇ.

ಇನ್ನು ಲೆಕ್ಕ. ಬಾಗಿಲಿನ ಅಗಲ 120 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಕೀಲು ಒಂದು ಬದಿಯಲ್ಲಿ, ಟ್ರೇಲರ್ ಸಿಕ್ಕಿಸುವ ಟೋ ಬಾಲ್ ನಟ್ಟನಡುವೆ, ಅಂದರೆ ಕೀಲಿನಿಂದ 60 ಸೆಂ.ಮೀ. ಈಚೆಗೆ. ಬಾಗಿಲಿನ ತುದಿ ಕಮಾನಿನಂತೆ ತಿರುಗುತ್ತಾ ನಡುಗೆರೆಯನ್ನು ದಾಟುವಾಗ ಗಾಡಿಯಿಂದ ಸುಮಾರು 104 ಸೆಂ.ಮೀ. ಹಿಂದಿರುತ್ತದೆ. ಮೂಕಿಯ ಮೇಲೆ ಅಷ್ಟು ದೂರದೊಳಗೆ, ಬಾಗಿಲಿನ ತಳಕ್ಕಿಂತ ಎತ್ತರವಾಗಿ ಏನೇ ಇದ್ದರೂ ಅದಕ್ಕೆ ಏಟು ತಪ್ಪಿದ್ದಲ್ಲ. ಜಾಕಿಯ ಹಿಡಿ ಬಾಗಿಲಿನಿಂದ 60 ಸೆಂ.ಮೀ. ದೂರದಲ್ಲಿದ್ದರೆ ಬಾಗಿಲು 45 ಡಿಗ್ರಿಗೆ ನಿಲ್ಲುತ್ತದೆ. ಸ್ಟೆಪ್ನಿ 30 ಸೆಂ.ಮೀ. ಹೊರಚಾಚಿದ್ದು, ಹಿಡಿಯು ಟೈರಿನ ತಳಕ್ಕಿಂತ ಐದಾರು ಸೆಂ.ಮೀ. ಮೇಲಿದ್ದರೆ 25 ಡಿಗ್ರಿಗೂ ಮುನ್ನವೇ ರಬ್ಬರು ತಾಗುತ್ತದೆ. ಆ ಸಂದಿನಲ್ಲಿ ಕೈ ತೂರಿಸಿ ನೀರಿನ ಬಾಟಲಿ ತೆಗೆಯಬಹುದು, ಕುಕ್ಕರ್ ತೆಗೆಯಲಾಗದು.

ಕಾಗದದ ಲೆಕ್ಕ ಬೇಸರವೆನಿಸಿದರೆ ಬಾಗಿಲಿನ ಹೊರತುದಿಗೆ ಗಾರೆ ಕೆಲಸದವರ ತೂಗುಗುಂಡು ಕಟ್ಟಿ, ನಿಧಾನವಾಗಿ ತೆರೆಯುತ್ತಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರಾಯಿತು. ಗಾಡಿಗೆ ಪೂರ್ತಿ ಸಾಮಾನು ತುಂಬಿ, ಟ್ರೇಲರ್ ಕಟ್ಟಿಯೇ ಎತ್ತರ ಅಳೆಯಬೇಕು. ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕಿರುತ್ತದೆ. ಹೇರು ಬಿದ್ದಾಗ ಸ್ಪ್ರಿಂಗು ಕುಗ್ಗಿ ಬಾಗಿಲಿನ ತಳವೂ ಕೆಳಗಿಳಿಯುತ್ತದೆ.

ಮದ್ದುಗಳಲ್ಲಿ ಒಳ್ಳೆಯದೂ ಅಗ್ಗದ್ದೂ ಒಂದೇ: ಬಿಚ್ಚಿಡಬಹುದಾದ ಅಥವಾ ಅಡ್ಡ ಮಲಗಿಸಬಹುದಾದ ಜಾಕಿ ಚಕ್ರ. ಹೊರಡುವ ಮುನ್ನ ಬಿಚ್ಚಿ ಟ್ರೇಲರಿನೊಳಗೆ ಹಾಕುವುದು ಒಂದು ನಿಮಿಷದ ಕೆಲಸ. ಕ್ಯಾಂಪರ್ ಸಂಸ್ಕೃತಿ ಮನೆಮಾತಾಗಿರುವ ಆಸ್ಟ್ರೇಲಿಯಾದಲ್ಲಿ ಈ ಅಭ್ಯಾಸ ಸಾಮಾನ್ಯ. ಅಲ್ಲಿ ಜಿಮ್ನಿಗೆ ಬ್ರೇಕುಳ್ಳ ಟ್ರೇಲರಾದರೆ 1,300 ಕಿಲೋ, ಬ್ರೇಕಿಲ್ಲದ್ದಾದರೆ 350 ಕಿಲೋ ಎಳೆಯುವ ಮಿತಿ ಇದೆ. ಮೆಲ್ಬರ್ನ್, ಸಿಡ್ನಿಯ ಕನ್ನಡ ಕುಟುಂಬಗಳಿಂದ ಸಲಹೆ ಕೇಳುವವರು ಆ ಎರಡು ಅಂಕಿಗಳ ನಡುವಿನ ಅಂತರವನ್ನೂ ಕೇಳಿಕೊಳ್ಳುವುದು ಒಳಿತು.

ಶಿವಾಜಿನಗರದ ಗುಜರಿ ಸಾಲಿನಲ್ಲಿ ಕಬ್ಬಿಣದ ತುಂಡು ಹುಡುಕಿ ಗಾಡಿಯ ಹಿಚ್ಚನ್ನು (ಟೋ ಬಾಲ್ ಕೂರುವ ಕೊಂಡಿಯನ್ನು) ಒಂದಡಿ ಉದ್ದ ಮಾಡಿಸುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಅದು ಕೆಟ್ಟ ಉಪಾಯ. ಥಾರ್‌ನ ಚಕ್ರಾಂತರ 2,450 ಮಿ.ಮೀ. ಬಾಲ್ ಮೇಲೆ 75 ಕಿಲೋ ಕೂತಿದೆ, ಅದು ಹಿಂದಿನ ಆಕ್ಸಲ್‌ನಿಂದ 90 ಸೆಂ.ಮೀ. ದೂರದಲ್ಲಿದೆ ಎನ್ನಿ: ಮುಂದಿನ ಚಕ್ರಗಳು ಸುಮಾರು 28 ಕಿಲೋ ಹಗುರಾಗುತ್ತವೆ. ಬಾಲನ್ನು 30 ಸೆಂ.ಮೀ. ಹಿಂದಕ್ಕೆ ಸರಿಸಿದರೆ ಅದು 37 ಕಿಲೋಗೆ ಏರುತ್ತದೆ, ಜೊತೆಗೆ ಟ್ರೇಲರಿನ ತೊನೆತವೂ ಹೆಚ್ಚುತ್ತದೆ. ಉದ್ದ ಬೇಕೇ ಬೇಕಾದರೆ ಟ್ರೇಲರಿನ ಮೂಕಿಯಲ್ಲೇ ಇರಲಿ, ಅದೂ ತಯಾರಕರೇ ಮಾಡಿಕೊಟ್ಟದ್ದು. ಉದ್ದ ಮೂಕಿಯ ಟ್ರೇಲರ್ ರಿವರ್ಸ್‌ನಲ್ಲಿ ಹೆಚ್ಚು ವಿಧೇಯ. ಸ್ಕೂಟರ್‌ಗಳ ಸಾಲಿನ ನಡುವೆ ತಿರುವು ತೆಗೆಯಬೇಕಾದ ಜೋಗುಪಾಳ್ಯದಲ್ಲಿ ಮಾತ್ರ ಆ ಉದ್ದಕ್ಕೆ ಜಾಗ ಸಿಗುವುದು ಅನುಮಾನ. ಟ್ರೇಲರನ್ನು ದೊಡ್ಡ ರಸ್ತೆಯ ಬಳಿ ಇಟ್ಟು ಅಲ್ಲೇ ಕಟ್ಟುವುದು ಜಾಣತನ.

ನಿಲ್ಲಿಸುವ ಬಗೆಯಲ್ಲೂ ಒಂದಿಷ್ಟು ಲಾಭವಿದೆ. ಜಿಮ್ನಿಯ ಬಾಗಿಲಿನ ಕೀಲು ಬಲಕ್ಕಿದೆ. ಎಡದಂಚಿಗೆ ನಿಲ್ಲಿಸಿದಾಗ ಫುಟ್‌ಪಾತ್ ಕಡೆಯಿಂದ ಸಾಮಾನು ಇಳಿಸಬಹುದು. ಟ್ರೇಲರಿನ ಮೂಕಿ ಕೀಲಿನ ಕಡೆಗೆ 40 ಡಿಗ್ರಿ ಹೊರಳಿರುವಂತೆ ನಿಂತರೆ, ಮೇಲಿನ ಲೆಕ್ಕದ 45 ಡಿಗ್ರಿ 56ರ ಹತ್ತಿರಕ್ಕೆ ಹೋಗುತ್ತದೆ (ಬಾಲ್ ಬಾಗಿಲಿನಿಂದ 20 ಸೆಂ.ಮೀ. ಹಿಂದಿದ್ದರೆ). ಎದುರು ಬದಿಗೆ ಹೊರಳಿದರೆ 31ರ ಹತ್ತಿರಕ್ಕೆ ಕುಸಿಯುತ್ತದೆ.

ಕಾಗದಪತ್ರದ ವಿಷಯ ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರೂ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ಖಾಸಗಿ ಬಳಕೆಯ ಕ್ಯಾಂಪರ್ ಟ್ರೇಲರನ್ನು ಕೇಂದ್ರದ 2004ರ ಅಧಿಸೂಚನೆ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿಟ್ಟಿದೆ. ಗಾಡಿಯ ಮೂಲ ರೂಪವನ್ನು ಮನಬಂದಂತೆ ಬದಲಿಸುವುದಕ್ಕೆ ಅದೇ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿ. ಹಾಗಾಗಿ ಸ್ಟೆಪ್ನಿಯನ್ನು ಬಾಗಿಲಿನಿಂದ ಕಿತ್ತು ಬಂಪರಿಗೆ ಬೆಸೆಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಮೇಲು. ಜಾಕಿಯ ಹಿಡಿ ಬಿಚ್ಚಲು ಯಾರ ಅಪ್ಪಣೆಯೂ ಬೇಕಿಲ್ಲ.