ಸೀಲು ಒಡೆಯದ ಹಳೆಯ ಲೆನ್ಸ್

ತಿರುಪ್ಪೂರಿನ ನಂಜರಾಯನ್ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿ ಬಂದಿಳಿಯುತ್ತವೆ. ಬಯಲು ನೀರು, ತುಂಬು ಬೆಳಕು. ಬಾತು ಎದ್ದೊಡನೆ ಕ್ಯಾಮೆರಾ ಎತ್ತಿ ಬೆನ್ನುಹತ್ತಬೇಕು. ಈ ಕೆಲಸಕ್ಕೆ ಕ್ಯಾನನ್ 400 ಎಂಎಂ ಎಫ್/5.6 ಎಲ್ ಲೆನ್ಸಿನಷ್ಟು ಕೈಗೆ ಒಗ್ಗುವುದು ನನಗೆ ಇನ್ನೊಂದಿಲ್ಲ. 1993ರಲ್ಲಿ ಬಂದದ್ದು, ತೂಕ ಒಂದೂಕಾಲು ಕಿಲೋ, ಹುಡ್ ಅದರೊಳಗೇ ಜಾರಿಕೊಂಡು ಕೂರುತ್ತದೆ. ಕೈನಡುಕ ತಡೆಯುವ ಐಎಸ್ ಇಲ್ಲ, ನಿಜ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದಂಶಕ್ಕಿಂತ ವೇಗದ ಶಟರ್ ಹೇಗೂ ಬೇಕಲ್ಲ, ಅಲ್ಲಿ ಅದರ ಕೊರತೆ ಕಾಡುವುದಿಲ್ಲ. ವಾಲ್ಪಾರೈ ಕಾಡಿನ ನೆರಳಲ್ಲಿ ಸಿಂಗಳೀಕದ ಕಪ್ಪು ಮುಖ ಹಿಡಿಯಬೇಕೆನ್ನುವವರು ಮಾತ್ರ ಬೇರೆ ಲೆನ್ಸ್ ಹುಡುಕಲಿ.

ಇದರ ತಯಾರಿಕೆ ನಿಂತಿದೆ. ಆದರೂ ಯಾವುದೋ ಅಂಗಡಿಯ ಅಟ್ಟದಿಂದ ಸೀಲು ಒಡೆಯದ ಪೆಟ್ಟಿಗೆಯೊಂದು ಈಗಲೂ ಹೊರಬರುವುದುಂಟು. ಕೊಳ್ಳಬಹುದೇ? ಕೊಳ್ಳಿ, ಆದರೆ ಅದು ಇಷ್ಟು ವರ್ಷ ಎಲ್ಲಿತ್ತೆಂದು ಮೊದಲು ಕೇಳಿ. ಬಳಸದ ಲೆನ್ಸಿಗೂ ವಯಸ್ಸಾಗುತ್ತದೆ. ತೇವದ ಕತ್ತಲೆ ಸಿಕ್ಕರೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ, ಅದರ ಆಮ್ಲ ಕೋಟಿಂಗನ್ನೇ ತಿನ್ನುತ್ತದೆ. ಆಮೇಲೆ ಎಷ್ಟು ಒರೆಸಿದರೂ ಮೊದಲಿನಂತಾಗದು. ಮಂಗಳೂರು, ಕೊಚ್ಚಿ, ವಾಲ್ಪಾರೈಗಳ ಮಳೆಗಾಲ ಕಂಡ ಪೆಟ್ಟಿಗೆಗಿಂತ ಕೊಯಮತ್ತೂರಿನ ಬಯಲಲ್ಲಿ ಕೂತಿದ್ದಕ್ಕೆ ನಾನು ಹೆಚ್ಚು ದುಡ್ಡು ಕೊಟ್ಟೇನು.

ಪೆಟ್ಟಿಗೆಯ ಎಂಆರ್‌ಪಿ ಚೀಟಿಯಲ್ಲಿ ಆಮದುದಾರರ ಹೆಸರಿನ ಜೊತೆಗೆ ತಿಂಗಳು, ವರ್ಷ ಇರಬೇಕು. ಚೀಟಿಯೇ ಇಲ್ಲದಿದ್ದರೆ ಅದು ಬೇರೆ ದಾರಿಯಲ್ಲಿ ಬಂದ ಮಾಲಿರಬಹುದು. ಇಲ್ಲಿನ ವಾರಂಟಿ ನಂಬಬೇಡಿ. ಹಳೆಯ ಕ್ಯಾನನ್ ಲೆನ್ಸಾದರೆ ಮೌಂಟಿನ ಹಿಂಬದಿಯಲ್ಲಿ ಸಣ್ಣ ಸಂಕೇತವೂ ಸಿಗುತ್ತದೆ. ಮೊದಲ ಅಕ್ಷರ ಕಾರ್ಖಾನೆಯದು, ಯು ಇದ್ದರೆ ಉತ್ಸುನೊಮಿಯಾ. ಎರಡನೆಯದು ವರ್ಷ: ಎ ಎಂದರೆ 1986, ಅಲ್ಲಿಂದ ಎಣಿಸಿದರೆ ಟಿ 2005.

ಇನ್ನು ಬೆಲೆ. ಚೆನ್ನಾಗಿ ಇಟ್ಟುಕೊಂಡ ಸೆಕೆಂಡ್ ಹ್ಯಾಂಡ್ ಲೆನ್ಸಿಗಿಂತ ತುಸು ಹೆಚ್ಚು ಕೊಡಬಹುದು, ದುಪ್ಪಟ್ಟು ಬೇಡ. ಕೆಟ್ಟರೆ ಬಿಡಿಭಾಗ ಸಿಗುವುದು ವರ್ಷವರ್ಷಕ್ಕೂ ಕಷ್ಟವಾಗುತ್ತದೆ, ಅದರ ಹೊಣೆ ನಿಮ್ಮದೇ.

ದುಡ್ಡು ಎಣಿಸುವ ಮುಂಚೆ ಅಂಗಡಿಯಲ್ಲೇ ಸೀಲು ಒಡೆಸಿ. ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಬೂಷ್ಟಿನ ಎಳೆ, ಮಂಜಿನಂಥ ಪೊರೆ ಕಾಣುತ್ತದೆ. ಕ್ಯಾಮೆರಾಕ್ಕೆ ಹಾಕಿ ಮೂರೂವರೆ ಮೀಟರಿನಿಂದ ಅನಂತದವರೆಗೆ ಫೋಕಸ್ ಓಡಿಸಿ, ಮೋಟರಿನ ಸದ್ದು ಕೇಳಿ. ಸೀಲು ಒಡೆಯಲು ಒಪ್ಪದ ಅಂಗಡಿಯವರಿಗೆ ಪೆಟ್ಟಿಗೆಯನ್ನು ಹಾಗೇ ಮರಳಿಸಿಬಿಡಿ.