ದರಿಯಾ ದೌಲತ್‌ನ ಮೂಡಣ ಗೋಡೆ

ಹೊಗೆನಕಲ್ಲಿನ ಬಂಡೆಗಳ ಮೇಲೆ ಧುಮುಕುವ ಕಾವೇರಿ ಮೊದಲು ಶ್ರೀರಂಗಪಟ್ಟಣವನ್ನು ಎರಡು ಕವಲಾಗಿ ಬಳಸಿ ಬರುತ್ತಾಳೆ. ಆ ದಂಡೆಯ ಮೇಲಿರುವ ಬೇಸಿಗೆ ಅರಮನೆ ದರಿಯಾ ದೌಲತ್ ಧರ್ಮಪುರಿ, ಸೇಲಂ ಸೀಮೆಯ ಕನ್ನಡಿಗರಿಗೆ ಪರರ ಮನೆಯಲ್ಲ. ಟಿಪ್ಪು ಅದನ್ನು ಕಟ್ಟಿಸಿದ್ದು 1784ರಲ್ಲಿ. ಆಗ ಆ ಸೀಮೆ, ಅಂದರೆ ಬಾರಾಮಹಲ್, ಮೈಸೂರಿಗೇ ಸೇರಿತ್ತು. 1792ರ ಒಪ್ಪಂದದಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಧರ್ಮಪುರಿಯಲ್ಲಿ ಕಂದಾಯದ ಕೆಲಸ ನೋಡುತ್ತಿದ್ದ ಥಾಮಸ್ ಮನ್ರೋ, 1799ರಲ್ಲಿ ಪಟ್ಟಣ ಬಿದ್ದಮೇಲೆ, ಮೈಸೂರು ಸೀಮೆಯನ್ನು ಹಂಚಲು ಕೂತ ಆಯೋಗದ ಕಾರ್ಯದರ್ಶಿಗಳಲ್ಲಿ ಒಬ್ಬನಾದ. ಆಗ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಈ ಮನೆಯಲ್ಲೇ ಬಿಡಾರ ಮಾಡಿದ.

ಗೋಡೆಗಳ ಮೇಲಿನ ಚಿತ್ರ ನೋಡುವ ಆತುರದಲ್ಲಿ ಬಹಳ ಮಂದಿ ಮನೆಯನ್ನೇ ನೋಡುವುದಿಲ್ಲ. ಎತ್ತರಿಸಿದ ಚೌಕ ಜಗಲಿ, ಅದರ ಅಂಚಿಗೆ ಮರದ ಕಂಬಗಳ ಸಾಲು, ನಾಲ್ಕೂ ಕಡೆ ಅಗಲವಾದ ಪಡಸಾಲೆ. ಬಿಸಿಲು ಒಳಗೋಡೆಯನ್ನು ಮುಟ್ಟುವ ಮೊದಲೇ ಸೋಲುತ್ತದೆ. ಮೇಲಂತಸ್ತಿಗೆ ಹೋಗುವ ನಾಲ್ಕು ಮೆಟ್ಟಿಲು ಸಾಲುಗಳು ಗೋಡೆಗಳ ನಡುವೆ ಅಡಗಿರುವುದರಿಂದ ಕೆಳಗಿನ ಹಜಾರ ಎಲ್ಲೂ ಇಕ್ಕಟ್ಟೆನಿಸುವುದಿಲ್ಲ. ಬೇಸಿಗೆಗೆಂದು ಕಟ್ಟಿದ ಮನೆಗೆ ಇದಕ್ಕಿಂತ ಜಾಣ ಏರ್ಪಾಟು ಬೇಕಿಲ್ಲ.

ಪಡುವಣ ಗೋಡೆಯ ತುಂಬ 1780ರ ಪೊಲ್ಲಿಲೂರು ಕಾಳಗ. ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಕಂಪನಿಯ ಪಡೆಯನ್ನು ಮುರಿದ ದಿನ ಅದು. ಮದ್ದಿನ ಬಂಡಿ ಸಿಡಿದಿದೆ. ಗಾಯಗೊಂಡ ಕಂಪನಿಯ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕೂತಿದ್ದಾನೆ. ಇಷ್ಟರ ನಡುವೆ ಟಿಪ್ಪು ಹೂ ಮೂಸುತ್ತಿದ್ದಾನೆ. ಆ ಹೂವೊಂದನ್ನು ಬರೆದ ಕೈ ದೊಡ್ಡದು.

ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಮೂಡಣ ಗೋಡೆ. ಅಲ್ಲಿ ಐದು ಸಾಲು ದರ್ಬಾರುಗಳು: ತಂಜಾವೂರಿನ ರಾಜ, ಪೇಶ್ವೆ, ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ. ಅವರ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರು! ಅವರು ಪಟ್ಟಕ್ಕೆ ಬಂದದ್ದು ಟಿಪ್ಪು ಮಡಿದ ಮೇಲೆ, ಐದು ವರ್ಷ ತುಂಬದ ಹುಡುಗನಾಗಿ. ಅಂದಮೇಲೆ ಆ ಚಿತ್ರ 1784ರದ್ದಾಗಲು ಸಾಧ್ಯವಿಲ್ಲ. ಮುತ್ತಿಗೆಗೆ ಮುನ್ನ ಕೆಡಿಸಿದ್ದ ಚಿತ್ರಗಳನ್ನು ವೆಲ್ಲೆಸ್ಲಿ ಸರಿಪಡಿಸಿದ್ದ. ಆಮೇಲೆ ಸುಣ್ಣ ಬಳಿದದ್ದರಿಂದ ಅವು ಮತ್ತೆ ಮಾಸಿದವು. ಮುಂದೆ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ, ಅವುಗಳ ನೆನಪಿದ್ದ ಇಲ್ಲಿನ ಚಿತ್ರಗಾರನೊಬ್ಬನಿಂದ ಹೊಸದಾಗಿ ಬರೆಸಿದ.

ಇದರಿಂದ ಈ ಗೋಡೆಗಳ ಬೆಲೆ ಕುಗ್ಗಿತೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟಿಪ್ಪುವಿನ ಗೆಲುವನ್ನು ಅವನನ್ನು ಸೋಲಿಸಿದವರೇ ಎರಡು ಸಲ ಉಳಿಸಿದ ಇಂಥ ಗೋಡೆಗಳನ್ನು ಕನ್ನಡನಾಡಿನಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.