ಬೆಳಕು ಹಾಕಿದ ಜಗಲಿ

ಕೊಪ್ಪದಲ್ಲಿ ಕೆಲವು ತರುಣರು ತಾವು ತಯಾರಿಸಿದ 18 ನಿಮಿಷಗಳ ಸಾಕ್ಷ್ಯಚಿತ್ರವೊಂದನ್ನು ಇತ್ತೀಚೆಗೆ ತೋರಿಸಿದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಹಳೆಯ ತೊಟ್ಟಿಮನೆಗಳೇ ಅದರ ವಸ್ತು. ನೆಲಕ್ಕೂ ಕಾಡಿಗೂ ಹೊರೆಯಾಗದಂತೆ ಮನೆ ಕಟ್ಟುವುದು ಹೇಗೆಂಬುದನ್ನು ಈ ಮನೆಗಳಿಂದ ಕಲಿಯಬೇಕೆಂಬುದು ಅವರ ವಾದ. ವಾದವನ್ನು ನಾನು ಒಪ್ಪುತ್ತೇನೆ. ಚಿತ್ರದ ಬಗೆಗೆ ಮಾತ್ರ ನನ್ನ ತಕರಾರುಂಟು.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚಿಬಿಡೋಣ. ಕಲ್ಲಿನ ಎತ್ತರದ ತಳಪಾಯ ಕೆಳಗಿನ ತೇವವನ್ನು ತಡೆಯುವುದು, ಕೆಳಗೆ ಬಾಗಿದ ಸೂರು ಎರಚಲನ್ನು ಗೋಡೆಯಿಂದ ದೂರವಿಡುವುದು, ಅಡಿಗೆಮನೆಯ ಹೊಗೆ ಅಟ್ಟಕ್ಕೇರಿ ತೊಲೆಗಳಿಗೆ ಹುಳ ಹಿಡಿಯದಂತೆ ಕಾಯುವುದು, ಇವನ್ನೆಲ್ಲ ಕ್ಯಾಮೆರಾ ತಾಳ್ಮೆಯಿಂದ ತೋರಿಸಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ದಲ್ಲಿ ಮಣ್ಣಿನ ಇಟ್ಟಿಗೆಯ ಮೇಲೆ ನಡೆದ ಕೆಲಸವನ್ನೂ ಇಲ್ಲಿ ನೆನೆದಿರುವುದು ಸರಿಯಾಗಿದೆ. ಶೃಂಗೇರಿಗೆ ಹೋದ ಕ್ಯಾಮೆರಾ ವಿದ್ಯಾಶಂಕರ ದೇವಾಲಯದ ರಾಶಿಕಂಬಗಳ ಮುಂದೆ ಎರಡು ನಿಮಿಷ ಏಕೆ ನಿಂತಿತೋ ತಿಳಿಯದು. ಆ ಕಲ್ಲಿನ ಗುಡಿಯ ಸೊಬಗು ದೊಡ್ಡದೇ. ಮಣ್ಣಿನ ಗೋಡೆಯ ಕಥೆಗೆ ಅದು ನಂಟಲ್ಲ.

‘ಎಲ್ಲವೂ ಸುತ್ತಣ ನೆಲದಿಂದಲೇ ಬಂದದ್ದು’ ಎಂದು ವಿವರಣೆಯ ದನಿ ಹೇಳುವಾಗ ತೆರೆಯ ಮೇಲೆ ಕಾಣುವುದು ಮಂಗಳೂರು ಹೆಂಚು! ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದು ಘಟ್ಟ ಹತ್ತಿ ಬರುವ ಮುನ್ನ ನಮ್ಮ ಮಾಡುಗಳಿಗೆ ಅಡಕೆಯ ಸೋಗೆಯೋ ಹುಲ್ಲೋ ಗತಿ. ಹೊರಗಿನದನ್ನೂ ಅರಗಿಸಿಕೊಂಡ ಮನೆ ಎಂದಿದ್ದರೆ ವಾದ ಬಲವಾಗುತ್ತಿತ್ತೇ ಹೊರತು ಸೊರಗುತ್ತಿರಲಿಲ್ಲ.

ನನ್ನ ಮುಖ್ಯ ಆಕ್ಷೇಪ ಬೆಳಕಿನದು. ಒಳಜಗಲಿಯಲ್ಲಿ ದೀಪಗಳನ್ನು ನಿಲ್ಲಿಸಿ, ಕಂಬದ ಕೆತ್ತನೆಯೆಲ್ಲ ಥಳಥಳಿಸುವಂತೆ ಚಿತ್ರಿಸಿದ್ದಾರೆ. ರಾಬರ್ಟ್ ಫ್ಲಾಹರ್ಟಿ 1922ರ ತನ್ನ ‘ನಾನೂಕ್’ ಚಿತ್ರಕ್ಕಾಗಿ ಹಿಮದ ಮನೆಯ ಒಳಗನ್ನು ತೆಗೆಯಲು ಬೆಳಕು ಸಾಲದೆ, ಅರ್ಧ ಮನೆಯನ್ನಷ್ಟೇ ಕಟ್ಟಿಸಿದ ಸಂಗತಿ ಪ್ರಸಿದ್ಧ. ಒಳಗೆ ಮಲಗಿದವರು ಚಳಿಯಲ್ಲಿದ್ದರು. ನೋಡುವವರಿಗೆ ಮಾತ್ರ ಬೆಚ್ಚಗಿತ್ತು. ತೊಟ್ಟಿಮನೆಯ ಕತ್ತಲೂ ಅಂಥದೇ ಪ್ರಶ್ನೆ. ದಪ್ಪ ಗೋಡೆ, ಸಣ್ಣ ಕಿಟಕಿ, ತೊಟ್ಟಿಯಿಂದಷ್ಟೇ ಇಳಿಯುವ ಬೆಳಕು: ಬೇಸಗೆಯ ತಂಪಿಗೆ ಆ ಮನೆ ತೆತ್ತ ಬೆಲೆ ಈ ಕತ್ತಲು. ಒಳಮನೆಯಲ್ಲಿ ಹೆಂಗಸರು ಕಣ್ಣು ಕಿರಿದುಮಾಡಿ ಅಕ್ಕಿ ಆರಿಸಿದ್ದೂ ಆ ಕತ್ತಲಲ್ಲೇ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಕಥಾಚಿತ್ರ. ಆದರೂ ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ ಟಾಮ್ ಕೋವನ್ ಹಿಡಿದ ಕಪ್ಪುಬಿಳುಪಿನ ಜಗಲಿಗಳನ್ನು ಈ ತರುಣರು ಒಮ್ಮೆ ನೋಡಲಿ.

ಇನ್ನು ಋತು. ಇಡೀ ಚಿತ್ರದಲ್ಲಿ ಒಂದು ಹನಿ ಮಳೆಯಿಲ್ಲ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಸೀಮೆ ಇದು. ಇಲ್ಲಿ ಮಣ್ಣಿನ ಗೋಡೆ ನಿಂತಿದೆಯೆಂದರೆ ಪ್ರತಿ ವರ್ಷ ಮಳೆಗೆ ಮುಂಚೆ ಯಾರೋ ಸೋಗೆಯ ತಟ್ಟಿ ಕಟ್ಟಿದ್ದಾರೆ, ಯಾರೋ ಮಾಡೇರಿ ಹೆಂಚು ಸರಿಪಡಿಸಿದ್ದಾರೆ, ಯಾರೋ ನೆಲ ಸಾರಿಸಿದ್ದಾರೆ. ಆ ‘ಯಾರೋ’ ಬಹುಮಟ್ಟಿಗೆ ಒಕ್ಕಲಿನವರು, ಆಳುಗಳು. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಉಳುವವನಿಗೆ ನೆಲ ಸಿಕ್ಕಿತು, ಸಿಗಬೇಕಾದದ್ದೇ. ದೊಡ್ಡ ಮನೆಗಳ ಬಿಟ್ಟಿ ಕೈಗಳು ಕಡಮೆಯಾದವು. ಚಿತ್ರ ಹಾಡಿಹೊಗಳುವ ಬಾಳಿಕೆಯಲ್ಲಿ ಈ ಕೈಗಳ ಪಾಲು ಎಷ್ಟೆಂಬುದನ್ನು ಕೇಳದೆ ಮನೆಯನ್ನು ಆದರ್ಶವೆನ್ನುವುದು ಅರ್ಧ ಸತ್ಯ.

‘ಬಾಳಿಕೆ’ ಎಂದೆ, ಚಿತ್ರದಲ್ಲಿ ಆ ಮಾತೇ ಇಲ್ಲ. ‘ಸುಸ್ಥಿರ’ ಎಂಬುದು ಹನ್ನೆರಡು ಸಲ ಬರುತ್ತದೆ (ಮೇಷ್ಟರ ಚಾಳಿ, ಎಣಿಸಿದೆ). ಸುಸ್ಥಿರವೆಂದರೆ ಅಲುಗದೆ ನಿಂತದ್ದು. ಬಾಳಿಕೆಯೊಳಗೆ ಬಾಳು ಇದೆ, ಬಳಸುವವರು ಇದ್ದಾರೆ.

ಕೊಪ್ಪದ ಕಡೆಯ ಮನೆಯೊಂದರ ಯಜಮಾನರು ಕಂಬಕ್ಕೆ ಒರಗಿ, “ಈ ಸಲ ತಟ್ಟಿ ಕಟ್ಟೋಕೆ ಜನವೇ ಸಿಕ್ಲಿಲ್ಲ ಮಾರಾಯ್ರೆ, ಮಕ್ಕಳೂ...” ಎನ್ನುವಷ್ಟರಲ್ಲಿ ವೀಣೆ ಮೇಲೆದ್ದು ಮಾತನ್ನು ಮುಚ್ಚಿಬಿಡುತ್ತದೆ. ಮುಂದೆ ಅವರೇನು ಹೇಳಿದರೆಂದು ಪ್ರದರ್ಶನದ ನಂತರ ವಿಚಾರಿಸಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮರದ ವ್ಯಾಪಾರಿ ಬಂದು ಮುಂಡಿಗೆಗಳನ್ನು ಅಳೆದುಕೊಂಡು ಹೋಗಿದ್ದಾನೆ ಎಂದರಂತೆ. ‘ಚಿತ್ರದ ಧಾಟಿಗೆ ಹೊಂದಲಿಲ್ಲ’ವೆಂದು ಅದನ್ನು ಕತ್ತರಿಸಿದರಂತೆ. ಕತ್ತರಿಸಿದ ತುಣುಕು ಇನ್ನೂ ಅವರ ಬಳಿ ಇದೆ. ವೀಣೆಯನ್ನು ತೆಗೆದು ಅದನ್ನು ಸೇರಿಸಿರೆಂದು ಕೇಳಿಕೊಂಡಿದ್ದೇನೆ. ಆಷಾಢದಲ್ಲಿ ಮತ್ತೊಮ್ಮೆ, ದೀಪಗಳಿಲ್ಲದೆ, ಅಲ್ಲಿಗೆ ಹೋಗಿರೆಂದೂ. ಅಷ್ಟರಲ್ಲಿ ಮುಂಡಿಗೆಗಳು ಅಲ್ಲೇ ಇದ್ದರೆ.